ಎರಡನೇ ದರ್ಜೆಯ ಫುಟ್ಬಾಲ್: ಹುಬ್ಬಳ್ಳಿ-ಧಾರವಾಡದವರು ಈ ಸೀಸನ್ನಿಗೆ ಯಾವ ಲೀಗು ಹಿಡಿಯಬೇಕು?

ಆಗಸ್ಟ್ ಬಂತೆಂದರೆ ಯುರೋಪಿನ ಎರಡನೇ ದರ್ಜೆಯ, ಅಂದರೆ ಅಗ್ರ ಲೀಗಿಗಿಂತ ಒಂದು ಮೆಟ್ಟಿಲು ಕೆಳಗಿನ ಲೀಗುಗಳು ಒಂದೊಂದಾಗಿ ಬಾಗಿಲು ತೆಗೆಯುತ್ತವೆ. ಗಣಪತಿ ಕಳಿಸುವ ಹೊತ್ತಿಗೆ ನಾಲ್ಕೈದು ಸುತ್ತು ಮುಗಿದೇ ಹೋಗಿರುತ್ತವೆ. ಯಾವುದನ್ನು ನೋಡಬೇಕೆಂದು ಕೇಳಿದರೆ ಹೆಚ್ಚಿನವರು ಹೇಳುವುದು ಒಂದೇ: "ಚಾಂಪಿಯನ್‌ಶಿಪ್ ನೋಡ್ರಿ, ಇಂಗ್ಲೆಂಡಿಂದು, ದೊಡ್ಡ ದೊಡ್ಡ ಟೀಮ್ ಅದಾವ." ಆ ಮಾತು ನಂಬಿ ಶುರು ಮಾಡಿದವರಲ್ಲಿ ಅನೇಕರು ನವೆಂಬರಿನಲ್ಲಿ ಕೈಬಿಡುತ್ತಾರೆ. ಆಟ ಕೆಟ್ಟದ್ದೇನಲ್ಲ, ಹೊತ್ತು ಹೊಂದುವುದಿಲ್ಲ ಅಷ್ಟೆ. ಅದಕ್ಕೇ ಇಲ್ಲಿ ಲೀಗುಗಳನ್ನು ಹೆಸರಿನಿಂದ ತೂಗುವುದಿಲ್ಲ. ಪಂದ್ಯ ಶುರುವಾಗುವಾಗ ನೀವು ಎಚ್ಚರ ಇರುತ್ತೀರಾ, ಬಡ್ತಿ-ಇಳಿತದ ಲೆಕ್ಕ (ಯಾರು ಮೇಲಿನ ದರ್ಜೆಗೆ, ಯಾರು ಕೆಳಗಿನದಕ್ಕೆ) ಕೊನೆಯವರೆಗೂ ಜೀವಂತ ಇರುತ್ತದೆಯೇ, ಬೇಕಾದರೆ ಬಸ್ಸು ಹತ್ತಿ ಹೋಗಿ ನೋಡಬಹುದೇ ಎಂಬ ಮೂರು ಪ್ರಶ್ನೆಗಳಿಂದ ತೂಗುತ್ತೇವೆ.

ಮೊದಲು ಗಡಿಯಾರ

ಬೇಸಿಗೆಯಲ್ಲಿ ಇಂಗ್ಲೆಂಡಿಗೂ ನಮಗೂ ನಾಲ್ಕೂವರೆ ತಾಸಿನ ಅಂತರ. ಜರ್ಮನಿ, ಸ್ಪೇನ್, ಇಟಲಿಗಳಿಗೆ ಮೂರೂವರೆ ತಾಸು. ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ ಅವರು ಗಡಿಯಾರವನ್ನು ಒಂದು ತಾಸು ಹಿಂದಕ್ಕೆ ತಿರುಗಿಸುತ್ತಾರೆ, ಮಾರ್ಚ್ ತಿಂಗಳ ಕೊನೆಯ ಭಾನುವಾರ ಮತ್ತೆ ಮುಂದಕ್ಕೆ. ಆ ಐದು ತಿಂಗಳು ನಮಗೆ ಅವರ ಎಲ್ಲ ಪಂದ್ಯಗಳೂ ಒಂದು ತಾಸು ತಡ. ಫೋನಿನ ಅಲಾರಾಂ ಬದಲಿಸುವುದನ್ನು ಮರೆತು, ಪಂದ್ಯ ರದ್ದಾಯಿತೇನೋ ಎಂದುಕೊಂಡು ಕೂತವರು ಪ್ರತಿ ವರ್ಷ ಇದ್ದೇ ಇರುತ್ತಾರೆ.

ಇಂಗ್ಲೆಂಡಿನ ಚಾಂಪಿಯನ್‌ಶಿಪ್: ಶನಿವಾರದ ಮೂರು ಗಂಟೆಯ ಪಂದ್ಯ ನಮಗೆ ಸಂಜೆ 7:30, ಚಳಿಗಾಲದಲ್ಲಿ 8:30. ಟಿವಿಗೆಂದು ಎತ್ತಿಟ್ಟ ಶನಿವಾರದ 12:30ರ ಪಂದ್ಯ ಸಂಜೆ 5 ಅಥವಾ 6ಕ್ಕೆ. ಇಲ್ಲಿಯವರೆಗೆ ಎಲ್ಲ ಚೆಂದ. ಆದರೆ ಶುಕ್ರವಾರ ರಾತ್ರಿಯದ್ದು ನಮಗೆ 12:30, ಚಳಿಗಾಲದಲ್ಲಿ 1:30. ವಾರದ ನಡುವಿನ 7:45ರ ಪಂದ್ಯ ರಾತ್ರಿ 12:15 ಇಲ್ಲವೇ 1:15. ಒಂದು ತಂಡಕ್ಕೆ ಇಂಥ ವಾರದ ನಡುವಿನ ಪಂದ್ಯಗಳು ಒಂದೆರಡಲ್ಲ, ಹತ್ತರ ಆಸುಪಾಸು ಬರುತ್ತವೆ.

ಜರ್ಮನಿಯ ಎರಡನೇ ಬುಂಡೆಸ್‌ಲಿಗಾ: ಶನಿವಾರ ಮಧ್ಯಾಹ್ನದ್ದು ನಮಗೆ ಸಂಜೆ 4:30 (ಚಳಿಗಾಲ 5:30), ಭಾನುವಾರದ್ದು 5 (ಚಳಿಗಾಲ 6), ಶುಕ್ರವಾರದ್ದು ರಾತ್ರಿ 10 (ಚಳಿಗಾಲ 11). ನಡುರಾತ್ರಿಗೆ ಜಾರುವುದು ಶನಿವಾರದ ಕೊನೆಯ ಪಂದ್ಯವೊಂದೇ.

ಸ್ಪೇನಿನ ಸೆಗುಂಡಾ ಶುಕ್ರವಾರದಿಂದ ಸೋಮವಾರದವರೆಗೆ ಹರಡಿಕೊಳ್ಳುತ್ತದೆ. ಅಲ್ಲಿಯ ಎರಡು ಗಂಟೆ ಪಂದ್ಯ ನಮಗೆ 5:30, ನಾಲ್ಕೂಕಾಲಿನದ್ದು 7:45, ರಾತ್ರಿ ಒಂಬತ್ತರದ್ದು 12:30. ನಿಮ್ಮ ತಂಡಕ್ಕೆ ಯಾವ ಹೊತ್ತು ಸಿಗುತ್ತದೆ ಎಂಬುದು ಕೆಲವೇ ವಾರಗಳ ಮುಂಚೆ ತಿಳಿಯುತ್ತದೆ, ಹಾಗಾಗಿ ತಿಂಗಳ ಯೋಜನೆ ಹಾಕಿಕೊಳ್ಳುವವರಿಗೆ ಕಿರಿಕಿರಿ. ಇಟಲಿಯ ಸೀರಿ ಬಿಯ ಮೂರು ಗಂಟೆ ಪಂದ್ಯಗಳು ನಮಗೆ 6:30 ಅಥವಾ 7:30. ಸಾವಜಿ ಊಟಕ್ಕೆ ಹೊರಡುವ ಮುಂಚೆ ಮುಗಿಯುತ್ತದೆ ಅಥವಾ ಊಟದ ಮಧ್ಯೆ ಮುಗಿಯುತ್ತದೆ.

ಜಪಾನಿನ ಜೆ2 ಕಥೆಯೇ ಬೇರೆ. ಅವರು ನಮಗಿಂತ ಮೂರೂವರೆ ತಾಸು ಮುಂದೆ, ಗಡಿಯಾರ ತಿರುಗಿಸುವ ಪದ್ಧತಿಯೂ ಇಲ್ಲ. ಮಧ್ಯಾಹ್ನ ಎರಡರ ಪಂದ್ಯ ನಮಗೆ ಬೆಳಿಗ್ಗೆ 10:30. ಭಾನುವಾರ ತಿಂಡಿ ಮುಗಿಸಿ ಕೂರಬಹುದು. 20 ತಂಡ, 38 ಪಂದ್ಯ. ಇಷ್ಟು ಕಾಲ ಫೆಬ್ರವರಿಯಿಂದ ವರ್ಷಾಂತ್ಯದವರೆಗೆ ನಡೆಯುತ್ತಿದ್ದದ್ದು 2026-27ರಿಂದ ಯುರೋಪಿನಂತೆ ಆಗಸ್ಟಿಗೆ ಹೊಂದಿಕೊಳ್ಳುತ್ತಿದೆ. ನಡುವೆ ಉದ್ದದ ಚಳಿಗಾಲದ ಬಿಡುವು. ರಾತ್ರಿ ಪಾಳಿಯಲ್ಲಿ ದುಡಿಯುವವರು ಇದನ್ನು ಸುಮ್ಮನೆ ತಳ್ಳಿಹಾಕಬೇಡಿ.

ನಮ್ಮ ಕಡೆ ಇನ್ನೊಂದು ಲೆಕ್ಕ ಉಂಟು. ಸರ್ಕಾರಿ ಕಚೇರಿಯವರಿಗೆ ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ, ಉಳಿದ ಶನಿವಾರ ಕೆಲಸ. ಜರ್ಮನಿಯ 4:30ರ ಪಂದ್ಯ ರಜೆಯ ಶನಿವಾರಕ್ಕೆ ಹೇಳಿ ಮಾಡಿಸಿದಂತಿದ್ದರೂ ಕೆಲಸದ ಶನಿವಾರ ಮೊದಲಾರ್ಧ ಕೈತಪ್ಪುತ್ತದೆ. ನವೆಂಬರಿನಿಂದ ಅದೇ ಪಂದ್ಯ 5:30ಕ್ಕೆ ಸರಿಯುವುದರಿಂದ, ಚಳಿಗಾಲವೇ ನೌಕರರಿಗೆ ಅನುಕೂಲ. ಹುಬ್ಬಳ್ಳಿಯಲ್ಲಿ ಕೆಲಸ, ಧಾರವಾಡದಲ್ಲಿ ಮನೆ ಇದ್ದವರಿಗಂತೂ ಚಿಗರಿ ಬಸ್ಸು ಊರು ಮುಟ್ಟುವಷ್ಟರಲ್ಲಿ ಹೆಚ್ಚುಕಡಿಮೆ ಒಂದು ಹಾಫ್ ಮುಗಿದಿರುತ್ತದೆ. ಕಿಟಕಿ ಪಕ್ಕದ ಸೀಟು ಸಿಕ್ಕರೆ ಫೋನಿಗೆ ಬಿಸಿಲು ಬೀಳದ ಬದಿ ನೋಡಿ ಕೂತುಕೊಳ್ಳಿ.

ಚಾಂಪಿಯನ್‌ಶಿಪ್: ಉದ್ದದ ಓಟ, ದುಡ್ಡಿನ ಭಾರ

24 ತಂಡ, ತಲಾ 46 ಪಂದ್ಯ, ಒಟ್ಟು 552. ಒಂದೇ ತಂಡವನ್ನು ಬೆನ್ನು ಹತ್ತಿದರೂ ಸುಮಾರು ತೊಂಬತ್ತು ತಾಸು. ಯುರೋಪಿನ ಬಹುಪಾಲು ಲೀಗುಗಳು ಕ್ರಿಸ್‌ಮಸ್ಸಿಗೆ ಬಾಗಿಲು ಹಾಕುವಾಗ ಇಲ್ಲಿ ಡಿಸೆಂಬರ್ 26ರ ಪಂದ್ಯದಿಂದ ಹೊಸ ವರ್ಷದವರೆಗೆ ಎರಡು-ಮೂರು ದಿನಕ್ಕೊಂದರಂತೆ ಆಟ. ಆ ಹತ್ತು ದಿನ ತಂಡದ ಮೊದಲ ಹನ್ನೊಂದನ್ನು ನೋಡಿ ಗುಣ ಅಳೆಯಬೇಡಿ. ದಣಿದವರನ್ನು ಕೂರಿಸಿ ಹುಡುಗರನ್ನು ಇಳಿಸಿರುತ್ತಾರೆ.

ಮೊದಲ ಎರಡು ಸ್ಥಾನಕ್ಕೆ ನೇರ ಬಡ್ತಿ, ಕೊನೆಯ ಮೂವರು ಕೆಳಕ್ಕೆ. ಮೂರನೇ ಬಡ್ತಿ ನಂತರದ ಸ್ಥಾನದವರ ನಡುವಿನ ನಾಕೌಟ್ ಪಂದ್ಯಗಳಾದ ಪ್ಲೇಆಫ್‌ನಿಂದ. ಅದರ ರುಚಿ ತಿಳಿಯಬೇಕಾದರೆ 2024-25 ಸಾಕು. ಲೀಡ್ಸ್ ಮತ್ತು ಬರ್ನ್‌ಲಿ ಎರಡೂ ಸರಿಯಾಗಿ 100 ಅಂಕ ಗಳಿಸಿದವು, ಗೋಲು ವ್ಯತ್ಯಾಸದಲ್ಲಿ (ಹೊಡೆದದ್ದರಲ್ಲಿ ಬಿಟ್ಟುಕೊಟ್ಟದ್ದನ್ನು ಕಳೆದದ್ದು) ಲೀಡ್ಸ್ ಚಾಂಪಿಯನ್. ಬರ್ನ್‌ಲಿ 46 ಪಂದ್ಯಗಳಲ್ಲಿ ಬಿಟ್ಟುಕೊಟ್ಟದ್ದು ಬರೀ 16 ಗೋಲು. ಮೂರನೇ ಸ್ಥಾನದ ಶೆಫೀಲ್ಡ್ ಯುನೈಟೆಡ್ 90 ಅಂಕ, ಅದೂ 2 ಅಂಕ ಕಡಿತವಾದ ಮೇಲೆ. ನಾಲ್ಕನೇ ಸ್ಥಾನದ ಸಂಡರ್‌ಲ್ಯಾಂಡ್ 76. ಇಬ್ಬರ ನಡುವೆ 14 ಅಂಕದ ಕಂದರ. ಆದರೂ ವೆಂಬ್ಲಿಯ ಒಂದೇ ಪಂದ್ಯದ ಫೈನಲ್ಲಿನಲ್ಲಿ ಸಂಡರ್‌ಲ್ಯಾಂಡ್ ಕೊನೆಯ ಕ್ಷಣದ ಗೋಲಿನಿಂದ ಅದೇ ಶೆಫೀಲ್ಡ್ ಯುನೈಟೆಡನ್ನು 2-1ರಲ್ಲಿ ಸೋಲಿಸಿ ಮೇಲೇರಿತು. ಒಂಬತ್ತು ತಿಂಗಳ ದುಡಿಮೆ ಒಂದು ಮಧ್ಯಾಹ್ನಕ್ಕೆ ಹೋಯಿತು ಎಂದು ಕೆಲವರಿಗೆ ಸಿಟ್ಟು ಬರುತ್ತದೆ. ಬರುವುದಾದರೆ ಈ ಲೀಗು ನಿಮಗಲ್ಲ. ಪ್ಲೇಆಫ್‌ಗೆ ತಂಡಗಳ ಸಂಖ್ಯೆ ಹೆಚ್ಚಿಸುವ ಮಾತು ನಡೆದಿದ್ದರಿಂದ ಸೀಸನ್ ಶುರುವಿನಲ್ಲೇ ಲೀಗಿನ ಅಧಿಕೃತ ತಾಣದಲ್ಲಿ ಎಷ್ಟನೇ ಸ್ಥಾನದವರೆಗೆ ಎಂದು ನೋಡಿಟ್ಟುಕೊಳ್ಳಿ.

ಇಲ್ಲಿನ ದೊಡ್ಡ ಕೊರತೆ ದುಡ್ಡಿನ ಅಸಮತೋಲನ. ಅಗ್ರ ದರ್ಜೆಯಾದ ಪ್ರೀಮಿಯರ್ ಲೀಗಿನಿಂದ ಕೆಳಗಿಳಿದ ತಂಡಕ್ಕೆ 'ಪ್ಯಾರಾಶೂಟ್' ಹಣ ಸಿಗುತ್ತದೆ. ಮೇಲಿನವರು ಸಮನಾಗಿ ಹಂಚಿಕೊಳ್ಳುವ ಪ್ರಸಾರದ ಪಾಲಿನಲ್ಲಿ ಮೊದಲ ವರ್ಷ ಶೇ. 55, ಎರಡನೇ ವರ್ಷ ಶೇ. 45, ಮೂರನೇ ವರ್ಷ ಶೇ. 20. ಮೇಲೆ ಒಂದೇ ವರ್ಷ ಇದ್ದು ಇಳಿದವರಿಗೆ ಮೂರನೆಯ ಕಂತು ಇಲ್ಲ. ಇದನ್ನು ಕಟ್ಟಿಕೊಂಡು ಬಂದ ತಂಡದ ಎದುರು ಉಳಿದವರು ಸೈಕಲ್ ಮೇಲೆ ರೇಸಿಗೆ ನಿಂತಂತೆ. ಆದರೆ ಹತ್ತಿದವರು ಮೇಲೆ ನಿಲ್ಲುವುದೂ ಕಷ್ಟ. 2023ರಲ್ಲಿ ಬಡ್ತಿ ಪಡೆದ ಬರ್ನ್‌ಲಿ, ಶೆಫೀಲ್ಡ್ ಯುನೈಟೆಡ್, ಲೂಟನ್ ಮೂವರೂ ಮರುವರ್ಷ ಇಳಿದರು. 2024ರ ಲೆಸ್ಟರ್, ಇಪ್ಸ್‌ವಿಚ್, ಸೌತಾಂಪ್ಟನ್ ಕೂಡ ಹಾಗೆಯೇ. ಲೂಟನ್ ಅಷ್ಟಕ್ಕೇ ನಿಲ್ಲದೆ 2025ರಲ್ಲಿ ಮತ್ತೊಂದು ದರ್ಜೆ ಕೆಳಗಿಳಿಯಿತು. ಹಲ್ ಸಿಟಿಗೂ ಲೂಟನ್‌ಗೂ ತಲಾ 49 ಅಂಕವೇ ಇದ್ದವು, ಗೋಲು ವ್ಯತ್ಯಾಸ ಹಲ್ ತಂಡವನ್ನು ಉಳಿಸಿತು.

ಅಂಕ ಕಡಿತದ ಬಗ್ಗೆ ಎಚ್ಚರ ಇರಲಿ. ಲೆಕ್ಕಪತ್ರದ ನಿಯಮ ಮುರಿದರೆ, ಸಾಲ ತೀರಿಸಲಾಗದೆ ಕ್ಲಬ್ ಆಡಳಿತಾಧಿಕಾರಿಯ ಕೈಗೆ ಹೋದರೆ, ಟೇಬಲ್ಲಿನಿಂದಲೇ ಅಂಕ ಕಿತ್ತುಕೊಳ್ಳುತ್ತಾರೆ. 2021-22ರಲ್ಲಿ ಡರ್ಬಿ ಕೌಂಟಿಯಿಂದ 12 ಮತ್ತು 9, ಒಟ್ಟು 21 ಅಂಕ ಹೋದವು, ತಂಡ ಕೆಳಗಿಳಿಯಿತು. 2025ರ ಅಕ್ಟೋಬರಿನಲ್ಲಿ ಶೆಫೀಲ್ಡ್ ವೆನ್ಸ್‌ಡೇ ಅದೇ ದಾರಿ ಹಿಡಿದು 12 ಅಂಕ ಕಳೆದುಕೊಂಡಿತು. ಹಾಗಾಗಿ ಹೊಸದಾಗಿ ತಂಡ ಆರಿಸುವವರು ಆಟಗಾರರ ಪಟ್ಟಿಗಿಂತ ಮೊದಲು ಕ್ಲಬ್ಬಿನ ಮಾಲೀಕರು ಸಂಬಳ ಹೊತ್ತಿಗೆ ಸರಿಯಾಗಿ ಕೊಡುತ್ತಿದ್ದಾರೆಯೇ ಎಂಬ ಸುದ್ದಿ ಓದುವುದು ಜಾಣತನ.

ಎರಡನೇ ಬುಂಡೆಸ್‌ಲಿಗಾ: ನಮ್ಮ ಓಟು ಇದಕ್ಕೆ

18 ತಂಡ, 34 ಪಂದ್ಯ. ಚಾಂಪಿಯನ್‌ಶಿಪ್ಪಿಗಿಂತ 12 ಪಂದ್ಯ ಕಡಿಮೆ. ವಾರಕ್ಕೊಂದು ಪಂದ್ಯದ ಲಯ ಸಾಮಾನ್ಯವಾಗಿ ತಪ್ಪುವುದಿಲ್ಲ, ಡಿಸೆಂಬರ್ ಕೊನೆಗೆ ಬಿಡುವು. ಕೆಲಸ-ಬೊಗಸೆ ಇಟ್ಟುಕೊಂಡು ಪೂರ್ತಿ ಸೀಸನ್ ನೋಡಿ ಮುಗಿಸಬಹುದಾದದ್ದು ಇದೊಂದೇ ಎನ್ನಬಹುದು.

ಪೈಪೋಟಿಯ ಲೆಕ್ಕ ಹಾಕಿ ನೋಡಿ. 2024-25ರಲ್ಲಿ ಲೀಡ್ಸ್ 46 ಪಂದ್ಯಕ್ಕೆ 100 ಅಂಕ, ಅಂದರೆ ಪಂದ್ಯಕ್ಕೆ ಎರಡರ ಮೇಲೆ. ಅದೇ ವರ್ಷ ಇಲ್ಲಿ ಚಾಂಪಿಯನ್ ಆದ ಕೋಲ್ನ್ 34 ಪಂದ್ಯಕ್ಕೆ 61, ಅಂದರೆ ಪಂದ್ಯಕ್ಕೆ 1.8ರ ಒಳಗೆ. ಎರಡನೆಯ ಹ್ಯಾಂಬರ್ಗ್ 59, ಮೂರನೆಯ ಎಲ್ವರ್ಸ್‌ಬರ್ಗ್ 58. ಚಾಂಪಿಯನ್ನಿನಿಂದ ಮೂರನೆಯವರಿಗೆ ಬರೀ ಮೂರು ಅಂಕ, ಒಂದು ಗೆಲುವಿನ ಬೆಲೆ. ಕೋಲ್ನ್, ಹ್ಯಾಂಬರ್ಗ್ ದೊಡ್ಡ ನಗರಗಳ ಹಳೆಯ ಕ್ಲಬ್ಬುಗಳು. ಎಲ್ವರ್ಸ್‌ಬರ್ಗ್ ಇರುವ ಊರಿನ ಜನಸಂಖ್ಯೆ ಹದಿಮೂರು ಸಾವಿರದ ಆಸುಪಾಸು, ನಮ್ಮ ಕಡೆಯ ಒಂದು ದೊಡ್ಡ ಹಳ್ಳಿಯಷ್ಟು.

ಮೂರನೇ ಸ್ಥಾನದವರಿಗೆ ನೇರ ಬಡ್ತಿ ಇಲ್ಲ. ಅವರು ಮೇಲಿನ ದರ್ಜೆಯ 16ನೇ ಸ್ಥಾನದ ತಂಡದೊಂದಿಗೆ ಎರಡು ಪಂದ್ಯ ಆಡಬೇಕು. ಹೆಚ್ಚಿನ ಸಲ ಮೇಲಿನವರೇ ಉಳಿದುಕೊಳ್ಳುತ್ತಾರೆ. 2025ರಲ್ಲಿ ಆ 16ನೇ ಸ್ಥಾನದಲ್ಲಿದ್ದದ್ದು ಹೈಡನ್‌ಹೈಮ್. ಎಲ್ವರ್ಸ್‌ಬರ್ಗ್ ಹೈಡನ್‌ಹೈಮ್‌ನಲ್ಲಿ 2-2 ಮಾಡಿ ಬಂದು, ತವರಿನಲ್ಲಿ 95ನೇ ನಿಮಿಷದ ಗೋಲಿಗೆ 1-2ರಲ್ಲಿ ಸೋತಿತು. ಹ್ಯಾಂಬರ್ಗ್ ಪಾಡು ಇನ್ನೂ ಉದ್ದದ್ದು. 2018ರಲ್ಲಿ ಕೆಳಗಿಳಿದ ಮೇಲೆ ಮೂರು ವರ್ಷ ಸತತ 4ನೇ ಸ್ಥಾನ, ಆಮೇಲೆ ಎರಡು ಸಲ 3ನೇ ಸ್ಥಾನ ಪಡೆದು ಎರಡೂ ಸಲ ಆ ನಿರ್ಣಾಯಕ ಪಂದ್ಯಗಳಲ್ಲಿ ಸೋಲು, ಮತ್ತೆ 4ನೇ ಸ್ಥಾನ, ಏಳನೇ ಪ್ರಯತ್ನಕ್ಕೆ 2ನೇ ಸ್ಥಾನ. ಕೆಳಗೂ ಇದೇ ಏಣಿ: ಕೊನೆಯ ಇಬ್ಬರು ನೇರ ಇಳಿಯುತ್ತಾರೆ, 16ನೆಯವರು ಮೂರನೇ ದರ್ಜೆಯ 3ನೆಯವರೊಂದಿಗೆ ಸೆಣಸಬೇಕು. ಹೀಗಾಗಿ ಮೇ ತಿಂಗಳ ಕೊನೆಯ ಸುತ್ತಿನಲ್ಲೂ ಟೇಬಲ್ಲಿನ ಮೇಲೆ, ಕೆಳಗೆ ಇರುವ ಹಲವು ತಂಡಗಳಿಗೆ ಸಾಮಾನ್ಯವಾಗಿ ಏನಾದರೊಂದು ಬಾಕಿ ಇರುತ್ತದೆ. ಅಂದು ಎಲ್ಲ ಪಂದ್ಯಗಳೂ ಒಂದೇ ಹೊತ್ತಿಗೆ ನಡೆಯುವುದರಿಂದ ಎರಡು ಪರದೆ ಬೇಕೇ ಬೇಕು. ಟಿವಿಯಲ್ಲಿ ಪಂದ್ಯ, ಫೋನಿನಲ್ಲಿ ಲೈವ್ ಟೇಬಲ್.

ಕುಂದೂ ಹೇಳಬೇಕು. ರಕ್ಷಣೆಯಲ್ಲಿ ಅವಸರ, ತಪ್ಪುಗಳು ಹೆಚ್ಚು. ಚೆಂಡು ಹಿಡಿದಿಟ್ಟು ನಾಜೂಕಾಗಿ ಆಡುವುದನ್ನು ಬಯಸುವವರಿಗೆ ಗದ್ದಲ ಎನಿಸಬಹುದು. ಅಂಥವರಿಗೆ ಸೆಗುಂಡಾ.

ಸೆಗುಂಡಾ, ಸೀರಿ ಬಿ: ನಿಯಮ ಓದದೆ ಕೈ ಹಾಕಬೇಡಿ

ಸೆಗುಂಡಾದಲ್ಲಿ 22 ತಂಡ, 42 ಪಂದ್ಯ, ನಾಲ್ಕು ತಂಡ ಕೆಳಕ್ಕೆ. ಆಟ ನಿಧಾನ, ಗೋಲು ಕಡಿಮೆ, 1-0ಕ್ಕೆ ಬೀಗ ಹಾಕಿ ಕೂರುವುದು ಸಾಮಾನ್ಯ. ಹೊಸಬರು ಎಡವುವುದು ಮೂರು ಕಡೆ. ಸಮ ಅಂಕವಾದರೆ ಮೊದಲು ನೋಡುವುದು ಗೋಲು ವ್ಯತ್ಯಾಸ ಅಲ್ಲ, ಆ ಎರಡು ತಂಡಗಳ ಪರಸ್ಪರ ಪಂದ್ಯಗಳ ಫಲಿತಾಂಶ. ಆ್ಯಪ್‌ನ ಟೇಬಲ್ ನಂಬಿ ಮೋಸ ಹೋಗಬಹುದು. ಎರಡನೆಯದು, ದೊಡ್ಡ ಕ್ಲಬ್ಬಿನ ಬಿ ತಂಡ ಇಲ್ಲಿ ಆಡಬಹುದು, ಆದರೆ ತಾಯಿ ತಂಡ ಮೇಲಿರುವವರೆಗೆ ಎಷ್ಟೇ ಅಂಕ ಗಳಿಸಿದರೂ ಬಡ್ತಿ ಇಲ್ಲ. ಮೂರನೆಯದು, ಪ್ಲೇಆಫ್‌ನಲ್ಲಿ ಹೆಚ್ಚುವರಿ ಸಮಯದ ನಂತರವೂ ಸಮವಾದರೆ ಪೆನಾಲ್ಟಿ ಶೂಟೌಟ್ ಇಲ್ಲ, ಟೇಬಲ್ಲಿನಲ್ಲಿ ಮೇಲಿದ್ದವರು ಮುಂದಕ್ಕೆ. 2025ರ ಜೂನಿನಲ್ಲಿ ಒವಿಯೆಡೋ ಮೊದಲ ಪಂದ್ಯ 0-1ರಲ್ಲಿ ಸೋತು, ಎರಡನೆಯದನ್ನು ಹೆಚ್ಚುವರಿ ಸಮಯದಲ್ಲಿ 3-1ರಿಂದ ಗೆದ್ದು 24 ವರ್ಷಗಳ ನಂತರ ಮೊದಲ ದರ್ಜೆಗೆ ಮರಳಿತು. ಆ ತಂಡದ ಪೆನಾಲ್ಟಿ ಹೊಡೆದವನು 40ರ ಸ್ಯಾಂಟಿ ಕಾಜೋರ್ಲಾ. ಅವನನ್ನು ಆರ್ಸೆನಲ್‌ನಲ್ಲಿ ನೋಡಿದವರಿಗೆ ಬೇರೆ ಕಾರಣ ಬೇಡ.

ಸೀರಿ ಬಿ 20 ತಂಡದ್ದು. ಪ್ಲೇಆಫ್ 3ರಿಂದ 8ನೇ ಸ್ಥಾನದವರಿಗೆ. ಆದರೆ 3ನೆಯವರು 4ನೆಯವರಿಗಿಂತ 14ಕ್ಕೂ ಹೆಚ್ಚು ಅಂಕ ಮುಂದಿದ್ದರೆ ಪ್ಲೇಆಫ್ ನಡೆಯುವುದೇ ಇಲ್ಲ. ಇಂಗ್ಲೆಂಡಿನ ಶೆಫೀಲ್ಡ್ ಯುನೈಟೆಡ್‌ಗೆ ಇಂಥ ನಿಯಮ ಇದ್ದಿದ್ದರೂ ಸರಿಯಾಗಿ 14 ಅಂಕದ ಅಂತರ, ಒಂದಂಕಕ್ಕೆ ತಪ್ಪುತ್ತಿತ್ತು ನೋಡಿ.

ನಮ್ಮದೇ ಐ-ಲೀಗ್: ಟಿವಿಗಲ್ಲ, ಬಸ್ಸಿಗೆ

2007ರಲ್ಲಿ ಶುರುವಾದ ಐ-ಲೀಗ್ ದೇಶದ ಅಗ್ರ ಲೀಗಾಗಿತ್ತು. 2022-23ರಿಂದ ಎರಡನೇ ದರ್ಜೆ; 2025-26ರಿಂದ ಹೆಸರು ಇಂಡಿಯನ್ ಫುಟ್ಬಾಲ್ ಲೀಗ್. ಮೊದಲ ಬಾರಿ ಗೆದ್ದು ಈಗಿನ ಅಗ್ರ ಲೀಗಾದ ಐಎಸ್‌ಎಲ್‌ಗೆ ಏರಿದ್ದು ಪಂಜಾಬ್, ಮರುವರ್ಷ ಕೋಲ್ಕತ್ತದ ಮೊಹಮ್ಮಡನ್. 2024-25ರಲ್ಲಿ ಆದದ್ದು ಪಾಠ ಕಲಿಸುವಂಥದ್ದು. ಏಪ್ರಿಲಿನಲ್ಲಿ 40 ಅಂಕದ ಚರ್ಚಿಲ್ ಬ್ರದರ್ಸ್ ಮೇಲೆ, 39ರ ಇಂಟರ್ ಕಾಶಿ ಕೆಳಗೆ. ಅನರ್ಹ ಆಟಗಾರನ ತಕರಾರು ಮೇಲ್ಮನವಿಗಳ ಮೂಲಕ ಸ್ವಿಟ್ಜರ್ಲೆಂಡಿನ ಕ್ರೀಡಾ ನ್ಯಾಯಮಂಡಳಿಯವರೆಗೆ ಹೋಗಿ, ಜುಲೈನಲ್ಲಿ ಇಂಟರ್ ಕಾಶಿ ಚಾಂಪಿಯನ್ ಆಯಿತು. 2025-26ರಲ್ಲಂತೂ ಒಕ್ಕೂಟ ಮತ್ತು ವಾಣಿಜ್ಯ ಪಾಲುದಾರರ 15 ವರ್ಷದ ಒಪ್ಪಂದ ಮುಗಿಯುವ ಗೊಂದಲದಲ್ಲಿ ಅಗ್ರ ಲೀಗೇ ತಿಂಗಳುಗಟ್ಟಲೆ ತಡವಾಯಿತು. ವೇಳಾಪಟ್ಟಿ ನಂಬಿ ಸೀಸನ್ ಪೂರ್ತಿ ಹಿಂಬಾಲಿಸುತ್ತೇವೆ ಎನ್ನುವವರಿಗೆ ಇದು ಸಲ್ಲದು. ವರ್ಷಕ್ಕೆ ಎರಡು ಸಲ ಮೈದಾನಕ್ಕೆ ಹೋಗಿ, ಚೆಂಡು ಒದ್ದ ಸದ್ದು ಕೇಳುವಷ್ಟು ಹತ್ತಿರ ಕೂರಬೇಕೆನ್ನುವವರಿಗೆ ಮಾತ್ರ ಇದಕ್ಕೆ ಸಮನಾದದ್ದು ಬೇರಿಲ್ಲ.

ಹುಬ್ಬಳ್ಳಿಯಿಂದ ಎರಡು ದಿಕ್ಕು. ಬೆಂಗಳೂರು ರಸ್ತೆಯಲ್ಲಿ 400 ಕಿ.ಮೀ. ಮೇಲೆ, ಗದಗ, ಹಾವೇರಿಯವರಿಗೂ ರೈಲು ಉಂಟು, ಕಂಠೀರವ ಕ್ರೀಡಾಂಗಣ ಮೆಜೆಸ್ಟಿಕ್‌ನಿಂದ ಆಟೋ ದೂರ. ತೊಂದರೆ ಎಂದರೆ ಬೆಂಗಳೂರು ಎಫ್‌ಸಿ 2017ರಲ್ಲೇ ಐಎಸ್‌ಎಲ್‌ಗೆ ಹೋಯಿತು, ಆಮೇಲೆ ಬಂದ ಎಸ್‌ಸಿ ಬೆಂಗಳೂರು 2024-25ರ ಕೊನೆಗೆ ಕೆಳಗಿಳಿಯಿತು. ಟಿಕೆಟ್ ಬುಕ್ ಮಾಡುವ ಮುಂಚೆ ಆ ಸೀಸನ್ನಿನಲ್ಲಿ ಬೆಂಗಳೂರಿನ ತಂಡ ಇದೆಯೇ ಎಂದು ನೋಡಿ.

ಗೋವಾ ನಮಗೆ ಅರ್ಧಕ್ಕಿಂತ ಕಡಿಮೆ ದೂರ, ಮಡಗಾಂವ್ 200 ಕಿ.ಮೀ. ಒಳಗೆ. ಐದು ಸಲ ರಾಷ್ಟ್ರೀಯ ಚಾಂಪಿಯನ್ ಆದ ಡೆಂಪೊ, ಎರಡು ಸಲ ಐ-ಲೀಗ್ ಗೆದ್ದ ಚರ್ಚಿಲ್, ಎರಡೂ ಅಲ್ಲಿಯವು. ಪಂದ್ಯ ಫಾತೋರ್ಡಾದಲ್ಲಿ ಇರಬಹುದು, ಹತ್ತಿರದ ರಾಯಾ ಮೈದಾನದಲ್ಲೂ ಇರಬಹುದು; ಮೈದಾನದ ಹೆಸರನ್ನು ಎರಡು ದಿನ ಮುಂಚೆ ಮತ್ತೊಮ್ಮೆ ಖಚಿತ ಮಾಡಿಕೊಳ್ಳಿ. ಬಸ್ಸು ಅಳ್ನಾವರ, ರಾಮನಗರ, ಅನಮೋಡ ಘಾಟಿನ ದಾರಿಯಲ್ಲಿ ಹೋದರೆ ಐದರಿಂದ ಆರು ತಾಸು. ಲೋಂಡಾ-ಕುಳೆ ಮೂಲಕ ಇಳಿಯುವ ರೈಲು ಘಟ್ಟದಲ್ಲಿ ನಿಧಾನ, ಮಳೆಗಾಲದಲ್ಲಿ ಗುಡ್ಡ ಕುಸಿದರೆ ರಸ್ತೆ-ರೈಲು ಎರಡನ್ನೂ ನಂಬುವಂತಿಲ್ಲ. ಸೀಸನ್ ಹೆಚ್ಚಾಗಿ ಮಳೆ ಮುಗಿದ ಮೇಲೆ ಇರುವುದು ಪುಣ್ಯ.

ಹಲವು ಮೈದಾನಗಳಲ್ಲಿ ದೀಪದ ವ್ಯವಸ್ಥೆ ಇಲ್ಲದ್ದರಿಂದ ಪಂದ್ಯ ಹಗಲಿಗೇ ಇರುತ್ತದೆ. ನಾಲ್ಕರ ಪಂದ್ಯಕ್ಕೆ ಹುಬ್ಬಳ್ಳಿಯಿಂದ ಬೆಳಿಗ್ಗೆ ಏಳರೊಳಗೆ ಹೊರಡಬೇಕು. ಬಸ್ಸಿನಲ್ಲಿ ಬಂದರೆ ಮಡಗಾಂವಿನ ಕದಂಬ ಬಸ್ ನಿಲ್ದಾಣದಲ್ಲಿ ಇಳಿಯಿರಿ, ಫಾತೋರ್ಡಾ ಅಲ್ಲಿಂದ ಹತ್ತಿರ; ರೈಲು ನಿಲ್ದಾಣ ಊರಿನ ಇನ್ನೊಂದು ಬದಿಗಿದೆ. ಕುತ್ತಿಗೆಗೆ ಟವೆಲ್, ತಲೆಗೆ ಟೋಪಿ, ಒಬ್ಬರಿಗೆ ಎರಡು ಲೀಟರ್ ನೀರು. ಬಾಟಲಿ ಒಳಗೆ ಬಿಡದಿದ್ದರೆ ಗೇಟಿನಲ್ಲೇ ಕುಡಿದು ಮುಗಿಸಿ, ಏಕೆಂದರೆ ಫೆಬ್ರವರಿಯ ಕರಾವಳಿ ಸೆಕೆ ನಮ್ಮ ಒಣ ಬಿಸಿಲಿನಂತಲ್ಲ. ಅದೇ ರಾತ್ರಿ ಮರಳಿದರೆ ಊರು ಮುಟ್ಟುವುದು ನಡುರಾತ್ರಿ ದಾಟಿ.

ಆರಿಸಿದ ಮೇಲೆ

ಭಾರತದಲ್ಲಿ ಈ ಲೀಗುಗಳ ಪ್ರಸಾರದ ಹಕ್ಕು ಆಗಾಗ ಕೈ ಬದಲಾಯಿಸುತ್ತದೆ. ವರ್ಷದ ಚಂದಾ ಕಟ್ಟುವ ಮುಂಚೆ ಲೀಗಿನ ಅಧಿಕೃತ ತಾಣದಲ್ಲಿ ಭಾರತದ ಪ್ರಸಾರಕರು ಯಾರೆಂದು ನೋಡಿ, ಮೊದಲು ಒಂದೇ ತಿಂಗಳದ್ದು ಕಟ್ಟಿ. ಆ್ಯಪ್‌ನಲ್ಲಿ ಲೀಗಿನ ಹೆಸರು ಇದ್ದ ಮಾತ್ರಕ್ಕೆ ಎಲ್ಲ ಪಂದ್ಯ ಇವೆ ಎಂದಲ್ಲ. ಸುತ್ತಿಗೆ ಎರಡೋ ಮೂರೋ ಇರಬಹುದು, ನಿಮ್ಮ ತಂಡದ್ದೇ ಇಲ್ಲದಿರಬಹುದು. ಮೊದಲ ಎರಡು ವಾರದ ಪಟ್ಟಿ ನೋಡಿದರೆ ತಿಳಿಯುತ್ತದೆ.

ಡೇಟಾ ಲೆಕ್ಕ: ಮಧ್ಯಂತರ ಸೇರಿ ಒಂದು ಪಂದ್ಯ ಎರಡು ತಾಸಿಗೆ ಸ್ವಲ್ಪ ಕಡಿಮೆ. 480 ಗುಣಮಟ್ಟದಲ್ಲಿ ಸುಮಾರು 1.3 ಜಿಬಿ, 720ರಲ್ಲಿ ಎರಡೂವರೆಯಿಂದ ಮೂರು. ದಿನಕ್ಕೆ 1.5 ಜಿಬಿ ಪ್ಯಾಕ್ ಇದ್ದವರು 'ಆಟೋ' ಎಂದು ಬಿಟ್ಟರೆ ಅರವತ್ತನೇ ನಿಮಿಷದ ಹೊತ್ತಿಗೆ ಚಿತ್ರ ಸುತ್ತುತ್ತ ನಿಲ್ಲುತ್ತದೆ. ಗುಣಮಟ್ಟವನ್ನು 480ಕ್ಕೆ ಕೈಯಾರೆ ಕಟ್ಟಿಹಾಕಿ. ನಡುರಾತ್ರಿ ದಾಟುವ ಪಂದ್ಯಕ್ಕೆ ಒಂದು ಲಾಭ ಉಂಟು: ಹೆಚ್ಚಿನ ಪ್ಯಾಕುಗಳಲ್ಲಿ 12ಕ್ಕೆ ಹೊಸ ದಿನದ ಡೇಟಾ ಶುರು.

ಇನ್ನು ಸ್ಕೋರ್ ಆ್ಯಪ್‌ನ ನೋಟಿಫಿಕೇಶನ್. ಆನ್‌ಲೈನ್ ಪ್ರಸಾರ ನಿಜವಾದ ಆಟಕ್ಕಿಂತ ಅರ್ಧ ನಿಮಿಷದಿಂದ ಒಂದು ನಿಮಿಷ ಹಿಂದೆ ಇರುತ್ತದೆ. ಪರದೆಯಲ್ಲಿ ನಿಮ್ಮವರು ಇನ್ನೂ ಕಾರ್ನರ್ ಇಡುತ್ತಿರುವಾಗಲೇ ಜೇಬಿನಲ್ಲಿ ಫೋನು ನಡುಗಿ ಗೋಲು ಆಯಿತೆಂದು ಹೇಳಿಬಿಡುತ್ತದೆ. ನೋಡುತ್ತಿರುವ ಪಂದ್ಯದ್ದನ್ನು ಮಾತ್ರ ಬಂದ್ ಮಾಡಿ, ಉಳಿದ ಪಂದ್ಯಗಳದ್ದು ಇರಲಿ. ಪಕ್ಕದ ಮನೆಯವರೂ ಅದೇ ಪಂದ್ಯ ನೋಡುತ್ತಿದ್ದು ಅವರ ಪ್ರಸಾರ ಹತ್ತು ಸೆಕೆಂಡು ಮುಂದಿದ್ದರೆ ಮಾತ್ರ ಕಿಟಕಿ ಹಾಕುವುದೊಂದೇ ದಾರಿ.